ಕಿತ್ತು ನೆಟ್ಟ ಕೋಲು

ಮೂರು ವರ್ಷದ ಹಿಂದಿನ ಮಾತು. ದೀಪಾವಳಿ ಅಮಾವಾಸ್ಯೆ ಕಳೆದು ಮೂರನೇ ದಿನ, ಭಾನುವಾರ. ನಾನು ಮದುವೆಯಾಗಿ ಕುಮಟಾ ಹತ್ತಿರದ ಈ ಹೊಳೆದಂಡೆಯ ಊರಿಗೆ ಬಂದು ಆಗಿನ್ನೂ ಎಂಟು ತಿಂಗಳಾಗಿತ್ತು.

ನನ್ನ ತವರು ಭಟ್ಕಳದ ಪಕ್ಕದ ಜಾಲಿ. ಅಪ್ಪನದು ಟೈಲರಿಂಗ್ ಅಂಗಡಿ. ಸಮುದ್ರದ ಗಾಳಿ ಮನೆ ಕಿಟಕಿಗೇ ಬಡಿಯುತ್ತಿತ್ತು ನಿಜ, ಆದರೆ ನಮಗೂ ನೀರಿಗೂ ಇದ್ದ ಸಂಬಂಧ ಅಷ್ಟಕ್ಕಷ್ಟೇ. ರಜಾದಿನ ಸಂಜೆ ಹೋಗಿ, ಅಲೆ ಕಾಲಿಗೆ ತಾಗುವಷ್ಟು ಹೊತ್ತು ನಿಂತು, ಚುರುಮುರಿ ತಿಂದು ವಾಪಸ್ ಬರುವುದು. ಉಬ್ಬರ ಯಾವಾಗ, ಇಳಿತ ಯಾವಾಗ ಎಂದು ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ. ಗಂಡನ ಮನೆಯಲ್ಲಿ ನೋಡಿದರೆ ಎಲ್ಲಾ ಅದೇ ಲೆಕ್ಕ. ಅತ್ತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, "ನಾಳೆ ಏಳು ಗಂಟೆಗೆ ಇಳತ" ಎಂದರೆ ಮುಗಿಯಿತು. ಗಡಿಯಾರ ತಪ್ಪಬಹುದು, ಅತ್ತೆ ತಪ್ಪುವುದಿಲ್ಲ.

ಅತ್ತೆಗೆ ಅರವತ್ತರ ಮೇಲೆ. ವಾರವಿಡೀ ಗೇರುಬೀಜದ ಫ್ಯಾಕ್ಟರಿಯಲ್ಲಿ ಒಂದೇ ಕಡೆ ಕೂತು ಬೀಜ ಸುಲಿಯುವ ಕೆಲಸ. ಸೊಂಟ ನೋವು, ಬೆರಳು ಉರಿ ಎಂದು ಶನಿವಾರ ರಾತ್ರಿ ನರಳುವವರು ಭಾನುವಾರ ಬೆಳಿಗ್ಗೆ ನನಗಿಂತ ಮೊದಲೇ ಎದ್ದು, ಸೀರೆ ಎತ್ತಿ ಕಟ್ಟಿ, ಬಳಚು ಹೆಕ್ಕಲು ಹೊಳೆಗೆ ಹೊರಟಿರುತ್ತಿದ್ದರು. ಬಳಚು ಅಂದರೆ ಹೊಳೆಯ ಮರಳಲ್ಲಿ ಹುಗಿದುಕೊಂಡಿರುವ ಚಿಪ್ಪುಮೀನು. ಮಾರಲಿಕ್ಕಲ್ಲ, ಮನೆ ಮಟ್ಟಿಗೆ. "ದುಡ್ಡು ಕೊಟ್ರೆ ಪೇಟೆಲಿ ಸಿಗೂದಿಲ್ವಾ ಅತ್ತೆ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಬಳಚು ಸಿಗ್ತದೆ ಮಾರಾಯ್ತಿ, ಹೊಳೆ ಸಿಗ್ತದಾ?" ಎಂದಿದ್ದರು.

ಆ ಭಾನುವಾರ ಮಧ್ಯಾಹ್ನ ನಾದಿನಿ ಊಟಕ್ಕೆ ಬರುವವಳಿದ್ದಳು. ಅವಳಿಗೆ ಬಳಚಿನ ಸುಕ್ಕಾ ಅಂದರೆ ಪ್ರಾಣ. ನಮ್ಮವರು ಗೂಡ್ಸ್ ರಿಕ್ಷಾದಲ್ಲಿ ಲೋಡು ತುಂಬಿಕೊಂಡು ಬೆಳಗಿನ ಜಾವವೇ ಹೊನ್ನಾವರಕ್ಕೆ ಹೋಗಿಯಾಗಿತ್ತು. ಹೋಗುವಾಗ, "ಸಮುದ್ರದಲ್ಲಿ ಗಾಳಿ ಎದ್ದಿದೆಯಂತೆ, ಬೋಟಿನವರು ಯಾರೂ ಇಳಿದಿಲ್ಲ. ಹೊಳೆಗೆ ಹೋಗೂದಾದ್ರೆ ಬೇಗ ಬನ್ನಿ" ಎಂದು ಹೇಳಿ ಹೋಗಿದ್ದರು. ನಾನೂ ಬರುತ್ತೇನೆ ಎಂದು ಅತ್ತೆಯ ಹಿಂದೆ ಬಿದ್ದೆ. ಕುಮಟಾ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಆರು ದಿನ ಮೆಷಿನ್ನಿನ ಮುಂದೆ ನಿಲ್ಲುವವಳು ನಾನು. ನನಗೂ ಒಂದು ಭಾನುವಾರ ಬೇಡವೇ? ಅದೂ ಅಲ್ಲದೆ ಹಬ್ಬಕ್ಕೆ ನಮ್ಮವರು ಹೊಸ ಮೊಬೈಲು ಕೊಡಿಸಿದ್ದರು. ಹೊಳೆಯಲ್ಲಿ ನಿಂತು ನಾಲ್ಕು ಫೋಟೋ ತೆಗೆದು ಜಾಲಿಯ ತಂಗಿಗೆ ಕಳಿಸಬೇಕು ಎನ್ನುವ ಆಸೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಪಕ್ಕದ ಮನೆಯ ಸಾವಿತ್ರಿಯಕ್ಕನೂ ಹೊರಟರು. ಅವರ ಗಂಡ ಗೋವಾದಲ್ಲಿ ಬೋಟಿನ ಕೆಲಸಕ್ಕೆ ಹೋಗಿದ್ದರು. ಐದು ವರ್ಷದ ಮಗಳು ನಿದ್ದೆಯಲ್ಲಿದ್ದಳು. "ಅದು ಏಳೂದ್ರೊಳಗೆ ಬಂದುಬಿಡ್ವಾ ದೇವಕ್ಕ" ಎಂದು ಅತ್ತೆಗೆ ಹೇಳುತ್ತಲೇ ಪ್ಲಾಸ್ಟಿಕ್ ಟಬ್ಬು ಹಿಡಿದು ಓಡಿಬಂದರು.

ಬೇರೆ ಭಾನುವಾರವಾದರೆ ಹೊಳೆ ನಡುವಿನ ಮರಳ ದಿಬ್ಬದ ತುಂಬ ಜನ ಇರುತ್ತಾರೆ. ಅಂದು ಹಬ್ಬದ ನೆಂಟರು, ಮೋಡ, ಗಾಳಿ ಎಲ್ಲಾ ಸೇರಿ ಒಬ್ಬರೂ ಇರಲಿಲ್ಲ. ದಂಡೆಗೂ ದಿಬ್ಬಕ್ಕೂ ನಡುವೆ ಹೊಳೆಯ ಒಂದು ಸಣ್ಣ ಕವಲು ಹರಿಯುತ್ತದೆ, ನಲವತ್ತು ಹೆಜ್ಜೆ ಅಗಲ ಇರಬಹುದು. ಇಳಿತದ ಹೊತ್ತಿನಲ್ಲಿ ಅಲ್ಲಿ ಮೊಣಕಾಲು ನೀರು. ದಂಡೆಯ ಮೇಲೊಂದು ಚಪ್ಪಟೆ ಕಲ್ಲಿದೆ, ಎಲ್ಲರೂ ಚಪ್ಪಲಿ ಬಿಡುವುದು ಅದರ ಮೇಲೇ. ನಾವೂ ಅಲ್ಲೇ ಬಿಟ್ಟು, ಟಬ್ಬು ತಲೆಯ ಮೇಲಿಟ್ಟುಕೊಂಡು, ನೀರಿನಲ್ಲಿ ಕಾಲೆಳೆಯುತ್ತಾ ದಾಟಿದೆವು.

ದಿಬ್ಬಕ್ಕೆ ಕಾಲಿಟ್ಟ ಕೂಡಲೇ ಅತ್ತೆ ಮಾಡಿದ ಮೊದಲ ಕೆಲಸ ಕೋಲು ಹುಗಿಯುವುದು. ಆಳೆತ್ತರದ ಬಿದಿರಿನ ಕೋಲು, ತುದಿಗೆ ಹಳೆ ಸೀರೆಯ ಕೆಂಪು ಚೂರು. ನೀರಿನ ಅಂಚಿನಲ್ಲೇ ನಿಂತು ಎರಡೂ ಕೈಯಲ್ಲಿ ತಿರುವಿ ತಿರುವಿ ಒಂದು ಮೊಳ ಒಳಗೆ ಇಳಿಸಿ, ಅಲ್ಲಾಡಿಸಿ ನೋಡಿ, "ಆತು" ಎಂದರು. ಆಮೇಲೆ ಸಾವಿತ್ರಿಯಕ್ಕನನ್ನು ಕರೆದುಕೊಂಡು ದಿಬ್ಬದ ಆಚೆ ಬದಿಗೆ, ದೊಡ್ಡ ಹೊಳೆಯ ಕಡೆಗೆ ನಡೆದರು. ಬಳಚು ಸಿಗುವುದು ಆ ಬದಿಯಲ್ಲೇ.

ಆ ಕೋಲು ಯಾಕೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಒಲೆಯಲ್ಲಿ ಕೈಯಿಡಬೇಡ ಎಂದು ದೊಡ್ಡವರಿಗೆ ಯಾರೂ ಹೇಳುವುದಿಲ್ಲವಲ್ಲ, ಹಾಗೆ. ಈಗ ನನಗೆ ಗೊತ್ತು. ದಾಟಿ ಬಂದಾಗ ನೀರು ಎಲ್ಲಿತ್ತೋ ಅಲ್ಲಿಗೇ ಕೋಲು ಹುಗಿಯುತ್ತಾರೆ. ಆಮೇಲೆ ನೀರು ಇನ್ನೂ ಇಳಿಯುತ್ತದೆ, ಕೋಲು ಒಣಗುತ್ತದೆ. ಉಬ್ಬರ ಶುರುವಾಗಿ ನೀರು ತಿರುಗಿ ಕೋಲಿನ ಬುಡ ಮುಟ್ಟಿತು ಎಂದರೆ ಕವಲಿನಲ್ಲಿ ಮತ್ತೆ ಮೊಣಕಾಲು ನೀರು ಎಂದರ್ಥ. ಆಗ ಎಷ್ಟೇ ಬಳಚು ಸಿಗುತ್ತಿರಲಿ, ಟಬ್ಬು ಎತ್ತಿಕೊಂಡು ಹೊರಟುಬಿಡಬೇಕು. ಬಗ್ಗಿ ಕೆಲಸ ಮಾಡುವವರು ಆಗಾಗ ತಲೆಯೆತ್ತಿ ನೋಡುವುದು ಆ ಕೆಂಪು ಚೂರನ್ನು ಮಾತ್ರ. ಆ ಕೋಲನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆ ಒಂದು ಟವೆಲ್ಲು ಕೂಡ ನೇತು ಹಾಕುವುದಿಲ್ಲ.

ನಾನು ಅವರಿಗಿಂತ ಸ್ವಲ್ಪ ಈಚೆಗೇ ನಿಂತು, ಅತ್ತೆಯ ಹಾಗೆ ಮರಳಿಗೆ ಕೈಹಾಕಿ ತಡಕಿದೆ. ಮೊದಮೊದಲು ಬರೀ ಕಲ್ಲು ಸಿಕ್ಕಿತು. ಆಮೇಲೆ ಒಂದೊಂದೇ ಬಳಚು ಬೆರಳಿಗೆ ತಾಗತೊಡಗಿ ಖುಷಿಯಾಯಿತು. ಆದರೆ ಸೊಂಟಕ್ಕೆ ಕಟ್ಟಿದ್ದ ಚೀಲ ಬಗ್ಗಿದಾಗಲೆಲ್ಲ ಮರಳಲ್ಲಿ ನಿಂತ ನೀರಿಗೆ ತಾಗುತ್ತಿತ್ತು, ಅದರೊಳಗೆ ಹೊಸ ಮೊಬೈಲು. ಎಲ್ಲಿಡೋಣ ಎಂದು ಸುತ್ತ ನೋಡಿದರೆ ದಿಬ್ಬದ ತುಂಬ ಒದ್ದೆ ಮರಳು. ನೇತು ಹಾಕಲು ಇದ್ದದ್ದು ಒಂದೇ, ಆ ಕೋಲು.

ಹೋಗಿ ನೇತು ಹಾಕಿದೆ. ಎರಡು ಹೆಜ್ಜೆ ಬಂದವಳಿಗೆ ಅನುಮಾನ ಬಂತು. ಕೋಲಿನ ಬುಡದ ಮರಳು ಹಸಿ ಇದೆ, ನೀರು ಮತ್ತೆ ಇಲ್ಲಿಗೆ ಬಂದರೆ? ತಿರುಗಿ ಹೋಗಿ ಕೋಲು ಕೀಳಲು ನೋಡಿದೆ. ಒಂದು ಕೈಗೆ ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ, ಕಾಲು ಊರಿ ಎಳೆದ ಮೇಲೆ ಕಿತ್ತು ಬಂತು. ಇಪ್ಪತ್ತು ಹೆಜ್ಜೆ ಮೇಲೆ, ನಾನು ಕೆಲಸ ಮಾಡುತ್ತಿದ್ದ ಜಾಗದ ಹತ್ತಿರ ತಂದು ಗೇಣುದ್ದ ಚುಚ್ಚಿ ಚೀಲ ನೇತು ಹಾಕಿದೆ. ನೀರು ಬರುತ್ತದೆ ಎಂದೇ ಕೋಲು ಅಲ್ಲಿತ್ತು. ನೀರು ಬರುತ್ತದೆ ಎಂದೇ ನಾನು ಅದನ್ನು ಕಿತ್ತೆ. ಅತ್ತೆ, ಸಾವಿತ್ರಿಯಕ್ಕ ಇಬ್ಬರೂ ಆ ಕಡೆ ಮುಖ ಮಾಡಿ ಬಗ್ಗಿದ್ದರು, ನೋಡಲಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯದು. ಮೋಡ ಮುಸುಕಿ ಬಿಸಿಲಿನ ಸುಳಿವೇ ಇರಲಿಲ್ಲ. ಪಡುವಣ ಗಾಳಿ ಜೋರಾಗಿ ಬೀಸುತ್ತಿತ್ತು. ಅತ್ತೆ ಒಮ್ಮೆ ಸೊಂಟ ಹಿಡಿದು ಎದ್ದು ಕೋಲಿನ ಕಡೆ ನೋಡಿದರು. ದೂರದಿಂದ ಕಾಣುವುದು ಬೂದು ಮರಳು, ಅದರ ಮೇಲೊಂದು ಕೆಂಪು ಚೂರು, ಅಷ್ಟೇ. ನನ್ನ ಬೂದು ಚೀಲ ಮರಳಿನ ಬಣ್ಣದಲ್ಲೇ ಬೆರೆತುಹೋಗಿತ್ತು. "ಇನ್ನೂ ಹೊತ್ತಿದೆ" ಎಂದು ಮತ್ತೆ ಬಗ್ಗಿದರು. ಇನ್ನೊಂದು ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ನೋಡಿದರು. ಈ ಸಲ ಹುಬ್ಬು ಗಂಟಾಗಿತ್ತು.

"ಇವತ್ತು ಇಳತ ಎಂತಕ್ಕೆ ಇಷ್ಟು ಹೊತ್ತು ನಿಂತಿತು?" ಎಂದರು.

"ಒಳ್ಳೇದಾಯ್ತಲ್ಲ ಅತ್ತೆ, ಟಬ್ಬು ತುಂಬ್ತದೆ" ಎಂದೆ ನಾನು!

ಟಬ್ಬು ತುಂಬುವ ಹೊತ್ತಿಗೆ ಒಂದು ಫೋಟೋ ತೆಗೆಯೋಣ ಎಂದು ನಾನು ಕೋಲಿನ ಹತ್ತಿರ ಹೋಗಿ, ಚೀಲವನ್ನು ತಿರುಗಿ ಸೊಂಟಕ್ಕೆ ಕಟ್ಟಿಕೊಂಡು ಮೊಬೈಲು ಹೊರಗೆ ತೆಗೆದೆ. ದಂಡೆ ಹಿಂದೆ ಬರುವ ಹಾಗೆ ಹಿಡಿದು ನೋಡುತ್ತೇನೆ, ಚಪ್ಪಲಿ ಬಿಟ್ಟ ಕಲ್ಲು ಎಲ್ಲೂ ಕಾಣುತ್ತಿಲ್ಲ. ಬೇರೆ ಕಡೆ ನೋಡುತ್ತಿದ್ದೇನೇನೋ ಅಂದುಕೊಂಡೆ. ಅಷ್ಟರಲ್ಲಿ ಕವಲಿನ ನಡುವೆ ಏನೋ ನೀಲಿ ತೇಲಿಕೊಂಡು ಬರುತ್ತಿತ್ತು. ಅದು ನನ್ನದೇ ಚಪ್ಪಲಿ. ಅದರ ಹಿಂದೆ ಇನ್ನೊಂದು.

"ಅತ್ತೇ!" ಎಂದು ಕೂಗಿದೆ.

ಇಬ್ಬರೂ ಓಡಿಬಂದರು. ಮೊಣಕಾಲು ನೀರಿದ್ದ ಕವಲು ಕೆಂಪಗೆ ತುಂಬಿ, ಮೇಲ್ಮುಖವಾಗಿ ರಭಸದಿಂದ ಹರಿಯುತ್ತಿತ್ತು. ಸಾವಿತ್ರಿಯಕ್ಕ ಒಮ್ಮೆ ನೀರು ನೋಡಿದರು, ಒಮ್ಮೆ ಕೋಲು ನೋಡಿದರು. "ಕೋಲಿಗೆ ಇನ್ನೂ ನೀರೇ ಬಂದಿಲ್ಲ ದೇವಕ್ಕ! ಕವಲು ಹೆಂಗೆ ತುಂಬ್ತು?"

ಆ ಮಾತು ಕೇಳಿದ ಕ್ಷಣದಲ್ಲೇ ನನಗೆ ಎಲ್ಲಾ ಗೊತ್ತಾಯಿತು. ಹೇಳಬೇಕಿತ್ತು, ಹೇಳಲಿಲ್ಲ.

ಅತ್ತೆ ಕೋಲು ಕಿತ್ತರು. ಒಂದೇ ಕೈಗೆ ಪಟಕ್ಕನೆ ಬಂತು. ಅದನ್ನೇ ಒಂದು ಗಳಿಗೆ ನೋಡಿ, "ಇಷ್ಟು ಸಡಿಲ ಹುಗಿದಿದ್ನಾ?" ಎಂದು ತಮಗೆ ತಾವೇ ಹೇಳಿಕೊಂಡರು. ಮರುಕ್ಷಣ ಅವರ ಮುಖವೇ ಬದಲಾಯಿತು.

"ಟಬ್ಬು ಸುರೀರಿ ಇಬ್ರೂ."

"ಬಳಚು..." ಎಂದರು ಸಾವಿತ್ರಿಯಕ್ಕ.

"ಸುರಿ ಅಂದೆ!"

ಎರಡು ಗಂಟೆ ಹೆಕ್ಕಿದ್ದು ಕ್ಷಣದಲ್ಲಿ ಮರಳಿನ ಪಾಲಾಯಿತು. ಬಿದ್ದರೆ ತೇಲಿಸುತ್ತದೆ ಎಂದು ಖಾಲಿ ಟಬ್ಬನ್ನು ಬೋರಲು ಹಾಕಿ ಕಂಕುಳಲ್ಲಿ ಅವಚಿಕೊಳ್ಳಲು ಹೇಳಿದರು. ನಾವು ದಾಟಿ ಬಂದಿದ್ದ ಜಾಗದಲ್ಲಿ ಈಗ ನೀರು ಕತ್ತಿನವರೆಗೆ ಬಂದಿರುತ್ತದೆ, ಅಲ್ಲಿ ಇಳಿಯುವ ಹಾಗಿಲ್ಲ. ಹೊಳೆಯ ಮೇಲ್ಗಡೆಗೆ ನೂರು ಹೆಜ್ಜೆ ಹೋದರೆ, ಹಿಂದೆ ಹೊಳೆದಂಡೆಯ ಗಜನಿ ಭತ್ತದ ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ್ದ ಒಂದು ಹಳೆ ಕಲ್ಲಿನ ಕಟ್ಟೆ ನೀರಿನಡಿ ಇದೆ, ಅದರ ಮೇಲೆ ನಡೆದರೆ ಎದೆಮಟ್ಟ ಇರಬಹುದು ಎಂದರು. ಇರಬಹುದು ಎಂದರೇ ಹೊರತು ಇದೆ ಎನ್ನಲಿಲ್ಲ. ನಾವು ಓಡುತ್ತಾ ಹೋಗುವಾಗಲೇ ದಿಬ್ಬದ ಕೆಳಗಿನ ತುದಿ ನೀರಿನಲ್ಲಿ ಮುಳುಗಿತ್ತು. ಮೊಬೈಲಿಂದ ಯಾರಿಗಾದರೂ ಫೋನು ಮಾಡಲೇ ಎಂದೆ. "ನಿನ್ನ ಗಂಡ ಹೊನ್ನಾವರದಿಂದ ಬರೂದ್ರೊಳಗೆ ದಿಬ್ಬ ಇರೂದಿಲ್ಲ" ಎಂದರು ಅತ್ತೆ. ದಂಡೆಯ ಕಡೆ ಮೂವರೂ ಕೂಗಿ ನೋಡಿದೆವು. ಗಾಳಿ ನಮ್ಮ ಕೂಗನ್ನು ಬೇರೆ ಕಡೆಗೇ ಒಯ್ಯುತ್ತಿತ್ತು.

ಮುಂದೆ ಅತ್ತೆ, ನಡುವೆ ಸಾವಿತ್ರಿಯಕ್ಕ, ಹಿಂದೆ ನಾನು. ನಮ್ಮಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. "ಬೆರಳು ಹಿಡೀಬೇಡಿ, ಮಣಿಕಟ್ಟು ಹಿಡೀರಿ. ಕಾಲು ಎತ್ತಬೇಡಿ, ಜಾರಿಸಿ ಇಡಿ. ನೀರು ನೋಡಬೇಡಿ, ನನ್ನ ತಲೆ ನೋಡಿ" ಎಂದು ಹೇಳಿ ಅತ್ತೆ ಇಳಿದರು.

ಕೋಲಿನಿಂದ ನೀರಿನಡಿ ಕುಟ್ಟಿ ನೋಡುವುದು, ಕಲ್ಲು ತಾಗಿದರೆ ಒಂದು ಹೆಜ್ಜೆ ಇಡುವುದು. ಮತ್ತೆ ಕುಟ್ಟುವುದು, ಮತ್ತೊಂದು ಹೆಜ್ಜೆ. ಸೊಂಟದವರೆಗೆ ಬಂದ ನೀರು ಎದೆಗೆ ಬಂತು. ಪಕ್ಕದಿಂದ ತಳ್ಳುವ ನೀರಿಗೆ ಅಷ್ಟು ಬಲ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಂಗಾಲಿಗೆ ಕಲ್ಲಿನ ಮೇಲಿನ ಸಿಂಪಿ ಕೊಯ್ಯುತ್ತಿತ್ತು. ಸಾವಿತ್ರಿಯಕ್ಕ ಒಂದೇ ಸಮನೆ, "ಅದು ಎದ್ದಿರ್ತದೆ, ಈಗ ಎದ್ದಿರ್ತದೆ" ಎಂದು ಮಗಳ ಬಗ್ಗೆ ಹೇಳಿಕೊಳ್ಳುತ್ತಿದ್ದರು. ಇವರಿಗೆ ಏನಾದರೂ ಆದರೆ ಆ ಮಗುವಿನ ಮುಖ ನಾನು ಹೇಗೆ ನೋಡುವುದು ಎನ್ನುವುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ನಡು ದಾಟಿದ ಮೇಲೆ ಅತ್ತೆಯ ಕೋಲು ಸರ್ರನೆ ಒಳಗೆ ಇಳಿಯಿತು. ಕಲ್ಲು ಸಿಗಲಿಲ್ಲ. "ಇಲ್ಲಿ ಕಟ್ಟೆ ಒಡೆದಿದೆ" ಎಂದರು. ಆ ಕಡೆ, ಈ ಕಡೆ ಕುಟ್ಟಿ ನೋಡಿ, ದೊಡ್ಡ ಹೆಜ್ಜೆ ಹಾಕಿ ಆಚೆ ಹೋಗಿ ನಿಂತರು. "ಸಾವಿತ್ರಿ, ಅಲ್ಲಿಂದ್ಲೇ ಕಾಲು ಚಾಚು. ನಾ ಎಳೀತೆ."

ಸಾವಿತ್ರಿಯಕ್ಕ ಕಾಲು ಚಾಚಿದರು. ಕಾಲು ಕಲ್ಲಿನ ಅಂಚಿಗೆ ತಾಗಿ ಜಾರಿತು. ಕಂಕುಳಲ್ಲಿದ್ದ ಟಬ್ಬು ಜಾರಿ ದೂರ ಹೋಯಿತು. ಅವರ ತಲೆ ನೀರೊಳಗೆ ಹೋಯಿತು, ನೀರಿನ ಮೇಲೆ ಬರೀ ಕೂದಲು ಕಾಣುತ್ತಿತ್ತು. ನನ್ನ ಕೈಯಲ್ಲಿದ್ದ ಮಣಿಕಟ್ಟು ತಿರುಚಿಕೊಂಡಿತು. ನನ್ನ ಕಾಲೂ ಜಾರತೊಡಗಿತು. ಆಚೆ ಅತ್ತೆ ಕೋಲನ್ನು ಎರಡು ಕಲ್ಲಿನ ಸಂದಿಗೆ ಸಿಕ್ಕಿಸಿ, ಅದನ್ನು ಕಂಕುಳಲ್ಲಿ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಸಾವಿತ್ರಿಯಕ್ಕನನ್ನು ಎಳೆಯುತ್ತಿದ್ದರು. ಕೋಲು ಬಗ್ಗಿತು. ಮುರಿಯುತ್ತದೆ ಎಂದೇ ಅಂದುಕೊಂಡೆ.

"ಇಡಗುಂಜಿ ಗಣಪ್ಪಾ!" ಎಂದು ಅತ್ತೆ ಕೂಗಿದರು. "ಸುಮಾ, ಬಿಡಬೇಡ! ಸತ್ರೂ ಬಿಡಬೇಡ!"

ಬಿಡಲಿಲ್ಲ. ಎಲ್ಲಿಂದ ಶಕ್ತಿ ಬಂತೋ. ಸಾವಿತ್ರಿಯಕ್ಕನ ತಲೆ ಮೇಲೆ ಬಂತು, ಕೆಮ್ಮಿದರು, ಕಾಲಿಗೆ ಕಲ್ಲು ಸಿಕ್ಕಿತು. ಆಮೇಲೆ ಅವರಿಬ್ಬರೂ ಸೇರಿ ನನ್ನನ್ನು ಎಳೆದುಕೊಂಡರು. ಉಳಿದ ಹತ್ತು ಹನ್ನೆರಡು ಹೆಜ್ಜೆ ಹೇಗೆ ಬಂದೆವೋ ನನಗೆ ಈಗಲೂ ನೆನಪಿಲ್ಲ. ದಂಡೆಯ ಕೆಸರಿನಲ್ಲಿ ಮೂವರೂ ಬಿದ್ದುಕೊಂಡಿದ್ದೆವು. ತಿರುಗಿ ನೋಡಿದರೆ ದಿಬ್ಬದಲ್ಲಿ ಒಂದು ಚಾಪೆಯಷ್ಟು ಜಾಗ ಉಳಿದಿತ್ತು.

ಮೊದಲು ಮಾತಾಡಿದವರು ಅತ್ತೆ. ಸಾವಿತ್ರಿಯಕ್ಕನ ಬೆನ್ನು ತಿಕ್ಕುತ್ತಾ, "ತಪ್ಪಾತು ಮಾರಾಯ್ತಿ. ಎಲ್ಲಾ ನನ್ನಿಂದ. ಕೋಲು ಸರಿ ಹುಗೀಲಿಲ್ಲ ನಾನು" ಎಂದರು. ಸಾವಿತ್ರಿಯಕ್ಕ ಅಳುತ್ತಿದ್ದರು. ನಾನು ಬಾಯಿ ತೆರೆದೆ. ಹಲ್ಲು ಕಟಕಟ ಎನ್ನುತ್ತಿತ್ತು. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡು ಮುಚ್ಚಿದೆ.

ಮನೆಗೆ ಬಂದರೆ ನಾದಿನಿ, ಅವಳ ಗಂಡ, ಅಕ್ಕಪಕ್ಕದವರು, ಗಲಾಟೆಯೋ ಗಲಾಟೆ. ಸಾವಿತ್ರಿಯಕ್ಕನ ಮಗಳು ಎದ್ದು ಅಳುತ್ತಿದ್ದಳು, ನಾದಿನಿ ಎತ್ತಿಕೊಂಡಿದ್ದಳು. ಮಧ್ಯಾಹ್ನ ಬಂದ ನಮ್ಮವರು ವಿಷಯ ಕೇಳಿ ಬಿಳಿಚಿಕೊಂಡರು. ಆಮೇಲೆ ಅತ್ತೆಯ ಮೇಲೆ ಹರಿಹಾಯ್ದರು. "ವಯಸ್ಸಾಯ್ತು, ಕಣ್ಣು ಕಾಣೂದಿಲ್ಲ, ಆದ್ರೂ ಹೊಳೆ ಬೇಕು ನಿಂಗೆ. ಇನ್ನೊಂದು ಸಲ ಹೊಳೆ ಕಡೆ ಹೋದ್ರೆ ನೋಡು." ಅತ್ತೆ ಸುಮ್ಮನೆ ಕೇಳಿಸಿಕೊಳ್ಳುವ ಜಾಯಮಾನದವರಲ್ಲ. ಮಗ ಒಂದು ಅಂದರೆ ಇವರು ನಾಲ್ಕು ಅನ್ನುವವರು. ಅಂದು ತಲೆ ತಗ್ಗಿಸಿ, "ಆತು, ಹೋಗೂದಿಲ್ಲ" ಎಂದರು. ಕೋಲನ್ನು ಹಿತ್ತಿಲಿಗೆ ಒಯ್ದು ಸೌದೆಯ ಜೊತೆ ಇಟ್ಟರು. ನಾನು ಅಡುಗೆಮನೆಯಲ್ಲಿ ಸತ್ತುಹೋದ ಮೊಬೈಲನ್ನು ಬಟ್ಟೆಯಿಂದ ಒರೆಸುತ್ತಾ ನಿಂತಿದ್ದೆ. ಆಗಲೂ ಹೇಳಲಿಲ್ಲ.

ನಾಳೆ ಹೇಳಿದರಾಯಿತು ಎನ್ನುತ್ತಾ ವಾರ ಕಳೆಯಿತು. ತಡವಾದಷ್ಟೂ ಬಾಯಿ ಬಿಗಿಯಿತು. ಎಂಟು ತಿಂಗಳ ಸೊಸೆ ನಾನು. ಅತ್ತೆಯನ್ನೂ ನೆರೆಮನೆಯವರನ್ನೂ ಹೊಳೆಗೆ ಹಾಕುತ್ತಿದ್ದವಳು ಎಂದು ಊರೆಲ್ಲ ಆಡಿಕೊಂಡರೆ ಎಂದು ಹೆದರಿದೆ. ಎಲ್ಲರೂ ಬದುಕಿ ಬಂದೆವಲ್ಲ, ಇನ್ನು ಹೇಳಿ ಯಾರಿಗೆ ಏನು ಲಾಭ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಮ್ಮವರು ಅತ್ತೆಯನ್ನು ಹೊನ್ನಾವರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನೋಡಿ, ಈ ವಯಸ್ಸಿಗೆ ಇಷ್ಟು ಒಳ್ಳೆ ದೃಷ್ಟಿ ಇರುವುದು ಅಪರೂಪ, ದೂರದ್ದು ಚೆನ್ನಾಗಿಯೇ ಕಾಣುತ್ತದೆ ಎಂದರಂತೆ. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ಅತ್ತೆ ಮನೆಗೆ ಬಂದವರೇ ಜಗಲಿಯಲ್ಲಿ ಕೂತರು. ಆಮೇಲೆ ಮೆಲ್ಲಗೆ ನನಗೆ ಹೇಳಿದರು, "ಕಣ್ಣು ಸರಿ ಇದೆ ಅಂದ್ರೆ ಕೆಟ್ಟದ್ದು ತಲೆ ಅಲ್ದಾ ಸುಮಾ? ನೀರಂಚಿಗೇ ಹುಗಿದೆ ಅಂತ ನನ್ನ ತಲೆ ಹೇಳ್ತದೆ. ಕೋಲು ಇದ್ದದ್ದು ಮೇಲೆ. ನನ್ನ ಅವ್ವಿಗೂ ಹಿಂಗೇ ಶುರುವಾದದ್ದು. ಕಡೆಗೆ ನನ್ನ ಗುರುತೂ ಸಿಗ್ತಿರ್ಲಿಲ್ಲ ಅವಳಿಗೆ."

ಅವತ್ತಿನಿಂದ ಅವರು ಬೇರೆಯೇ ಆದರು. ಗ್ಯಾಸು ಆರಿಸಿದೆನಾ ಎಂದು ಮೂರು ಸಲ ಹೋಗಿ ನೋಡುವುದು. ಸಾರಿಗೆ ಉಪ್ಪು ಹಾಕಿ, ಹಾಕಿದೆನಾ ಎಂದು ನನ್ನನ್ನು ಕೇಳುವುದು. ಅರ್ಧ ದಾರಿಗೆ ಹೋದವರು ಬಾಗಿಲಿಗೆ ಬೀಗ ಹಾಕಿದ್ದೆನೋ ಇಲ್ಲವೋ ಎಂದು ತಿರುಗಿ ಬರುವುದು. ಕ್ಯಾಲೆಂಡರಿನಲ್ಲಿ ತಿಥಿ ನೋಡುವುದನ್ನೇ ಬಿಟ್ಟರು. ಭಾನುವಾರ ಬೆಳಿಗ್ಗೆ ಎದ್ದು, ಹಿತ್ತಿಲ ಮೆಟ್ಟಿಲ ಮೇಲೆ ಹೊಳೆ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ನಾನು ಚಹಾ ಕೊಟ್ಟರೆ, "ಸಕ್ಕರೆ ನಾ ಹಾಕಿದ್ನಾ, ನೀ ಹಾಕಿದ್ಯಾ?" ಎಂದು ಕೇಳುತ್ತಿದ್ದರು. ಆದರೂ ಹೇಳಲಿಲ್ಲ. ಮೂರು ತಿಂಗಳು!

ನೀರಿನಲ್ಲಿ ಕರೆದ ದೇವರಿಗೆ ಹರಕೆ ಬಾಕಿ ಇತ್ತು. ಫೆಬ್ರವರಿಯ ಒಂದು ಭಾನುವಾರ ಅತ್ತೆ, ನಾನು ಇಬ್ಬರೇ ಬಸ್ಸು ಹತ್ತಿ ಇಡಗುಂಜಿಗೆ ಹೋದೆವು. ಜನ ಬಹಳ ಇದ್ದರು. ಪಂಚಕಜ್ಜಾಯ ಮಾಡಿಸಿ, ಸಾಲಿನಲ್ಲಿ ನಿಂತು, ಗಣಪತಿಯ ಎದುರಿಗೆ ಬಂದೆವು. ಅತ್ತೆ ಕೈ ಮುಗಿದು ಗಟ್ಟಿಯಾಗಿಯೇ ಬೇಡಿಕೊಂಡರು. ಅವರಿಗೆ ಮೆಲ್ಲಗೆ ಬೇಡಿ ಅಭ್ಯಾಸವಿಲ್ಲ.

"ನಂಗೆ ಬೇರೆಂತದ್ದೂ ಬೇಡಪ್ಪ. ತಲೆ ಪೂರ್ತಿ ಹೋಗೂ ಮುಂಚೆ ನನ್ನ ಕರಕೊಂಡುಬಿಡು. ಆ ಹುಡುಗಿ ಕೈಯಲ್ಲಿ ನನ್ನ ಉಚ್ಚೆ ಬಾಚಿಸಬೇಡ."

ಆ ಹುಡುಗಿ ಅಂದರೆ ನಾನು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಅತ್ತೆ ಪಂಚಕಜ್ಜಾಯದ ಪೊಟ್ಟಣ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ.

"ಅತ್ತೆ, ನಿಮ್ಮ ತಲೆಗೆ ಎಂತದೂ ಆಗ್ಲಿಲ್ಲ. ಕೋಲು ನಾನು ಕಿತ್ತದ್ದು" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಎಲ್ಲಾ ಹೇಳಿದೆ. ಚೀಲ ನೆನೆಯುತ್ತಿದ್ದದ್ದು, ನೀರು ಬರುತ್ತದೆ ಎಂದು ಹೆದರಿದ್ದು, ಮೇಲೆ ತಂದು ಚುಚ್ಚಿದ್ದು, ಆಮೇಲೆ ಬಾಯಿ ಮುಚ್ಚಿಕೊಂಡದ್ದು. ಹೇಳುತ್ತಾ ಹೇಳುತ್ತಾ ಅಳು ಬಂತು. ಆಚೀಚೆ ಕೂತವರು ನೋಡುತ್ತಿದ್ದರು. ಹೊಡೆಯುತ್ತಾರೆ ಎಂದೇ ಅಂದುಕೊಂಡಿದ್ದೆ, ಹೊಡೆಯಲಿ ಎಂದೂ ಇತ್ತು.

ಅತ್ತೆ ಹೊಡೆಯಲಿಲ್ಲ. ಅವರು ಕೇಳಿದ್ದು ಬೇರೆಯೇ.

"ಕೀಳೂಕೆ ಕಷ್ಟ ಆತಾ?"

"ಎಂತದು ಅತ್ತೆ?"

"ಕೋಲು. ನೀ ಕೀಳೂವಾಗ ಸಡಿಲ ಇತ್ತಾ, ಗಟ್ಟಿ ಇತ್ತಾ?"

"ಗಟ್ಟಿ ಇತ್ತು. ಒಂದು ಕೈಗೆ ಬರ್ಲೇ ಇಲ್ಲ. ಎರಡೂ ಕೈ ಹಾಕಿ, ಕಾಲು ಊರಿ ಎಳೆದೆ."

"ನೀರಂಚಿಗೇ ಇತ್ತಾ?"

"ನೀರಂಚಿಗೇ ಇತ್ತು."

ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. "ಹಂಗಾದ್ರೆ ನಾನು ಗಟ್ಟಿನೇ ಹುಗಿದಿದ್ದೆ" ಎಂದರು. ಮತ್ತೊಂದು ಸಲ, ನನಗಲ್ಲ, ದೇವಸ್ಥಾನದ ಕಡೆ ತಿರುಗಿ, "ಕೇಳ್ತಾ? ಗಟ್ಟಿನೇ ಹುಗಿದಿದ್ದೆ ನಾನು" ಎಂದರು.

ಸಿಟ್ಟು ಬಂದದ್ದು ಆಮೇಲೆ, ಬಸ್ಸಿನಲ್ಲಿ. ಇಡಗುಂಜಿಯಿಂದ ಕುಮಟಾದವರೆಗೆ ಬಸ್ಸಿನವರಿಗೆಲ್ಲ ಕೇಳುವ ಹಾಗೆ ನನ್ನನ್ನು ಬೈದರು. ಹೊನ್ನಾವರದ ಸೇತುವೆ ದಾಟುವಾಗ, ಕೆಳಗಿನ ಹೊಳೆಗೆ ಕೈ ತೋರಿಸಿ ಬೈದರು. ಕೋಲು ಕಿತ್ತದ್ದಕ್ಕೆ ಬೈದದ್ದು ಎರಡು ಮಾತು. ಉಳಿದದ್ದೆಲ್ಲ ಮೂರು ತಿಂಗಳಿಗೆ. "ತಿಳೀದೆ ಮಾಡಿದ್ದು ತಪ್ಪಲ್ಲ. ತಿಳಿದೂ ನನ್ನನ್ನ ನೋಡ್ತಾ ಕೂತ್ಯಲ್ಲ, ಅದಕ್ಕೆ ನಿಂಗೆ ಎಂತ ಮಾಡ್ಬೇಕು?" ಎಂದು ಕೇಳಿದರು. ಮನೆಗೆ ಹೋಗಿ ಗಂಡನಿಗೂ ಸಾವಿತ್ರಿಯಕ್ಕನಿಗೂ ನಾನೇ ಹೇಳಬೇಕು, ಅವರು ಹೇಳುವುದಿಲ್ಲ ಎಂದರು. ಹೇಳಿದೆ. ನಮ್ಮವರು ಒಂದು ದಿನ ಮಾತು ಬಿಟ್ಟರು. ಸಾವಿತ್ರಿಯಕ್ಕ ಹದಿನೈದು ದಿನ ಬಿಟ್ಟರು. ಅವರು ಬಿಟ್ಟದ್ದು ಸರಿಯೇ.

ಮುಂದಿನ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಕ್ಯಾಲೆಂಡರಿನ ಮುಂದೆ ನಿಂತಿದ್ದರು. ಸೌದೆಯ ನಡುವಿನಿಂದ ಕೋಲು ಹೊರಗೆ ಬಂದಿತ್ತು. "ಎಂಟು ಗಂಟೆಗೆ ಇಳತ. ನೀನೂ ಬಾ" ಎಂದರು. ದಿಬ್ಬಕ್ಕೆ ಹೋದ ಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, "ಹುಗಿ" ಎಂದರು. ನಾನು ಹುಗಿದದ್ದನ್ನು ಅಲ್ಲಾಡಿಸಿ ನೋಡಿ, ಕಿತ್ತು, ಇನ್ನೊಮ್ಮೆ ಹುಗಿಯಲು ಹೇಳಿದರು. ಮೂರನೇ ಸಲಕ್ಕೆ "ಆತು" ಎಂದರು.

ಹೊಳೆಯಲ್ಲಿ ಸತ್ತೇ ಹೋಗುತ್ತಿದ್ದೆವು ಎನ್ನುವುದು ನೆನಪಾದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ. ಆದರೆ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು ಆ ನೀರಲ್ಲ. ಗ್ಯಾಸಿನ ಮುಂದೆ ಮೂರನೇ ಸಲ ಬಂದು ನಿಂತ ಅತ್ತೆಯ ಮುಖ. ಒಂದು ಮಾತು ಹೇಳಿದ್ದರೆ ಆ ಮುಖ ಸರಿಹೋಗುತ್ತಿತ್ತು, ನಾನು ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದೆ.

ಈಗಲೂ ನಾವು ಹೋಗುತ್ತೇವೆ. ಬಗ್ಗಿ ಬಳಚು ಹೆಕ್ಕುವಾಗ ಅತ್ತೆ ಆಗಾಗ ತಲೆಯೆತ್ತುತ್ತಾರೆ. ಮೊದಲು ನಾನು ಎಲ್ಲಿದ್ದೇನೆ ಎಂದು ನೋಡುತ್ತಾರೆ. ಆಮೇಲೆ ಕೋಲು ನೋಡುತ್ತಾರೆ.